ಶಸ್ತ್ರಭೀತಿಯೂ ಸಮಾಶ್ವಾಸನವೂ: ಕರುಳುಬಾಯಿಯ ಚಿಕಿತ್ಸೆಯನ್ನು ಕುರಿತು ಒಂದು ಐತಿಹಾಸಿಕ ವಿಮರ್ಶೆ

೧. ವಿಷಯಪ್ರವೇಶ

ಉದರದ ಗೋಡೆಯಲ್ಲಿ ರಂಧ್ರವನ್ನು ಮಾಡಿ, ಕರುಳಿನ ತುದಿಯನ್ನು ಹೊರಕ್ಕೆ ತಂದು ಚರ್ಮಕ್ಕೆ ಹೊಲಿದು, ಮಲವು ಸ್ವಾಭಾವಿಕವಾದ ಮಾರ್ಗವನ್ನು ಬಿಟ್ಟು ಅಲ್ಲಿಂದಲೇ ಚೀಲವೊಂದರೊಳಕ್ಕೆ ಇಳಿಯುವಂತೆ ಮಾಡುವ ಶಸ್ತ್ರಕರ್ಮವು ಈಗ ದೊಡ್ಡ ಆಸ್ಪತ್ರೆಗಳಲ್ಲೆಲ್ಲ ನಡೆಯುತ್ತಿರುವುದು. ಪಾಶ್ಚಾತ್ಯ ವೈದ್ಯರು ಈ ರಂಧ್ರವನ್ನು 'ಸ್ಟೋಮಾ' ಎನ್ನುತ್ತಾರೆ. ಈ ಗ್ರೀಕ್ ಶಬ್ದಕ್ಕೆ 'ಬಾಯಿ' ಎಂದರ್ಥ. ಗುದದ ಅರ್ಬುದ, ಕರುಳಿನ ತಡೆ, ಕರುಳು ತೂತಾಗುವಿಕೆ, ಹುಟ್ಟುವಾಗಲೇ ಮಲದ್ವಾರವಿಲ್ಲದಿರುವಿಕೆ ಮೊದಲಾದವು ಇದಕ್ಕೆ ಕಾರಣಗಳು. ಕೆಲವರಿಗೆ ಇದು ಕೆಲವು ತಿಂಗಳ ಮಟ್ಟಿಗೆ, ಕೆಲವರಿಗೆ ಜೀವಾವಧಿ.

ಈ ಕರ್ಮದಿಂದ ಪ್ರಾಣವು ಉಳಿಯುವುದೆಂದು ತಿಳಿದೂ ರೋಗಿಯು ಹಿಂಜರಿಯುವುದುಂಟು. ಒಪ್ಪದೆ ಮನೆಗೆ ಮರಳುವುದೂ ಉಂಟು. ನೋವಿನ ಹೆದರಿಕೆಗಿಂತ ನಾಚಿಕೆಯೂ ಅಶೌಚಶಂಕೆಯೂ ಇಲ್ಲಿ ಬಲವತ್ತರವಾಗಿರುವುವು. ಈ ಮನೋವ್ಯಥೆಯನ್ನು ಕಳೆಯುವ ವಿಷಯದಲ್ಲಿ ನಮ್ಮ ಪ್ರಾಚೀನ ವೈದ್ಯರು ಏನು ಹೇಳಿದ್ದಾರೆ, ಪಾಶ್ಚಾತ್ಯರು ಯಾವ ಕ್ರಮದಿಂದ ಏನನ್ನು ಕಂಡುಕೊಂಡರು, ಧರ್ಮಶಾಸ್ತ್ರವು ಈ ರೋಗಿಗೆ ನಿಜವಾಗಿ ಯಾವ ಸ್ಥಾನವನ್ನು ಕೊಡುತ್ತದೆ ಎಂಬ ಮೂರು ಅಂಶಗಳನ್ನು ಕಲಬುರಗಿಯ ಪ್ರಾಂತವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶವು.

೨. ಪ್ರಾಚೀನ ಗ್ರಂಥಗಳಲ್ಲಿ ಉದರಶಸ್ತ್ರ

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ಹದಿನಾಲ್ಕನೆಯ ಅಧ್ಯಾಯದಲ್ಲಿ ಬದ್ಧಗುದ, ಪರಿಸ್ರಾವಿ ಎಂಬ ಎರಡು ಉದರರೋಗಗಳಿಗೆ ಶಸ್ತ್ರಕರ್ಮವು ವಿಹಿತವಾಗಿದೆ. ನಾಭಿಯ ಕೆಳಗೆ, ಎಡಪಾರ್ಶ್ವದಲ್ಲಿ, ರೋಮರಾಜಿಯಿಂದ ನಾಲ್ಕಂಗುಲ ಬಿಟ್ಟು ಉದರವನ್ನು ಸೀಳಬೇಕು; ಕರುಳನ್ನು ಹೊರತೆಗೆದು ನೋಡಿ, ತಡೆಯಾಗಿರುವ ಕಲ್ಲನ್ನಾಗಲಿ ಕೂದಲನ್ನಾಗಲಿ ಗಟ್ಟಿಮಲವನ್ನಾಗಲಿ ತೆಗೆಯಬೇಕು; ಜೇನು ತುಪ್ಪಗಳನ್ನು ಸವರಿ ಕರುಳನ್ನು ಸ್ವಸ್ಥಾನದಲ್ಲಿಟ್ಟು ಹೊರಗಿನ ಗಾಯವನ್ನು ಹೊಲಿಯಬೇಕು. ಕರುಳು ತೂತಾಗಿದ್ದ ಪಕ್ಷದಲ್ಲಿ ಅಂಚುಗಳನ್ನು ಕೂಡಿಸಿ ಕರಿಯ ಇರುವೆಗಳಿಂದ ಕಚ್ಚಿಸಿ, ತಲೆಗಳನ್ನುಳಿಸಿ ಮೈಯನ್ನು ಕತ್ತರಿಸಬೇಕೆಂದು ವಿಧಿ.

ಇಲ್ಲಿ ಎಡಪಾರ್ಶ್ವವೆಂಬ ಮಾತನ್ನು ಹಿಡಿದುಕೊಂಡು, ಈಗಿನವರು ದೊಡ್ಡಕರುಳಿನ ಬಾಯಿಯನ್ನು ಸಾಮಾನ್ಯವಾಗಿ ಎಡಕ್ಕೆ ಮಾಡುವುದರಿಂದ, ಈ ಚಿಕಿತ್ಸೆಯು ಸುಶ್ರುತನಿಗೆ ತಿಳಿದಿದ್ದಿತೆಂದು ಸಾಧಿಸಲು ಯಾರಿಗಾದರೂ ಆಸೆಯಾದೀತು. ಅದು ಯುಕ್ತವಲ್ಲ. ಸುಶ್ರುತನ ಕರ್ಮದಲ್ಲಿ ಕರುಳು ಒಳಕ್ಕೇ ಹೋಗುತ್ತದೆ, ಗಾಯವು ಮುಚ್ಚುತ್ತದೆ. ಕರುಳಿನ ತುದಿಯನ್ನು ಹೊರಗೇ ನಿಲ್ಲಿಸಿ ಅದನ್ನು ಮಾರ್ಗವಾಗಿ ಮಾಡುವುದು ಬೇರೆಯ ಕಲ್ಪನೆ. ಇಲ್ಲದುದನ್ನು ಇತ್ತೆಂದು ಹೇಳುವುದರಿಂದ ಪೂರ್ವಿಕರ ಗೌರವವು ಹೆಚ್ಚುವುದಿಲ್ಲ. ಇದ್ದುದನ್ನು ಸರಿಯಾಗಿ ಓದುವುದರಿಂದ ಹೆಚ್ಚುವುದು. ಇದ್ದುದು ಯಾವುದೆಂದರೆ ರೋಗಿಯ ಮನಸ್ಸನ್ನು ಕುರಿತ ವಿಚಾರ.

ಶಸ್ತ್ರಕರ್ಮಕ್ಕೆ ಮೊದಲು ರೋಗಿಗೆ ಇಷ್ಟವಾದ ಆಹಾರವನ್ನು ಕೊಡಬೇಕೆಂದೂ, ಮದ್ಯದ ಅಭ್ಯಾಸವಿದ್ದು ನೋವನ್ನು ತಾಳಲಾರದವನಿಗೆ ತೀಕ್ಷ್ಣವಾದ ಮದ್ಯವನ್ನು ಕುಡಿಸಬೇಕೆಂದೂ ಸುಶ್ರುತನ ಸೂತ್ರಸ್ಥಾನವು ಹೇಳುತ್ತದೆ. ಆದರೆ ಉದರ, ಅರ್ಶಸ್ಸು, ಅಶ್ಮರಿ, ಭಗಂದರ ಮೊದಲಾದವುಗಳಲ್ಲಿ ರೋಗಿಯು ಉಂಡಿರಬಾರದೆಂಬುದು ಅದೇ ಸ್ಥಾನದ ಐದನೆಯ ಅಧ್ಯಾಯದ ನಿಯಮ. ಹೊಟ್ಟೆಯನ್ನು ಸೀಳಿಸಿಕೊಳ್ಳುವವನು ಬರಿಯ ಹೊಟ್ಟೆಯಲ್ಲಿಯೇ ಸೀಳಿಸಿಕೊಳ್ಳಬೇಕಾಗಿತ್ತು. ಎಲ್ಲಕ್ಕಿಂತ ಘೋರವಾದ ಕರ್ಮದಲ್ಲಿ ಊಟದ ಸಮಾಧಾನವೂ ಅವನಿಗಿರಲಿಲ್ಲವೆಂದ ಮೇಲೆ ವೈದ್ಯನ ಮಾತು, ಬಂಧುಗಳ ಸಾನ್ನಿಧ್ಯ ಇವುಗಳ ಹೊರತು ಅವನಿಗೆ ಬೇರೆ ಆಸರೆ ಯಾವುದಿದ್ದಿತು?

೩. ಆಶ್ವಾಸನದ ಅರ್ಥ

'ಆಶ್ವಾಸನ' ಎಂಬ ಶಬ್ದವು 'ಶ್ವಸ್' ಎಂಬ ಧಾತುವಿನಿಂದ ಬಂದುದು. ಸುಯ್ಯುವಂತೆ, ಅಂದರೆ ಮರಳಿ ಉಸಿರಾಡುವಂತೆ ಮಾಡುವುದೇ ಅದರ ಮೂಲಾರ್ಥ. ಶಸ್ತ್ರವನ್ನು ಪ್ರಯೋಗಿಸಿದೊಡನೆಯೇ ತಣ್ಣೀರಿನಿಂದ ರೋಗಿಯನ್ನು ಆಶ್ವಾಸನಗೊಳಿಸಬೇಕೆಂದು ಸುಶ್ರುತನು ಹೇಳುವಲ್ಲಿ ಈ ಅರ್ಥವು ಸ್ಪಷ್ಟವಾಗಿಯೇ ಇದೆ. ಈಗ ನಾವು ಕನ್ನಡದಲ್ಲಿ 'ಆಶ್ವಾಸನೆ' ಎಂಬುದನ್ನು ಮುಂದೆ ಕೊಡುವ ಮಾತು, ವಾಗ್ದಾನ, ಎಂಬ ಅರ್ಥಕ್ಕೆ ಇಳಿಸಿದ್ದೇವೆ. ವೈದ್ಯಶಾಸ್ತ್ರದಲ್ಲಿ ಅದು ವಾಗ್ದಾನವಲ್ಲ, ಕರ್ಮದ ಒಂದು ಅಂಗ.

ಸೂತ್ರಸ್ಥಾನದ ಹತ್ತೊಂಬತ್ತನೆಯದಾದ ವ್ರಣಿತೋಪಾಸನೀಯ ಅಧ್ಯಾಯದಲ್ಲಿ, ಗಾಯಗೊಂಡವನ ಬಳಿ ಪ್ರಿಯವಾಗಿ ಮಾತನಾಡುವ ಸ್ನೇಹಿತರಿದ್ದು, ಕಥೆಗಳಿಂದ ಅವನ ವೇದನೆಯನ್ನು ಮರೆಯಿಸುತ್ತ, ಮತ್ತೆ ಮತ್ತೆ ಧೈರ್ಯ ಹೇಳುತ್ತಿರಬೇಕೆಂದಿದೆ. ಇಪ್ಪತ್ತೈದನೆಯ ಅಧ್ಯಾಯದಲ್ಲಿ, ತಾಯಿತಂದೆಗಳನ್ನೂ ಮಕ್ಕಳನ್ನೂ ಶಂಕಿಸುವ ರೋಗಿಯು ವೈದ್ಯನನ್ನು ಮಾತ್ರ ನಂಬಿ ತನ್ನನ್ನೇ ಒಪ್ಪಿಸಿಕೊಡುವನಾದ್ದರಿಂದ ವೈದ್ಯನು ಅವನನ್ನು ಮಗನಂತೆ ಕಾಪಾಡಬೇಕೆಂದು ಹೇಳಿದೆ. ಚರಕನು ಚಿಕಿತ್ಸೆಯನ್ನು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ ಎಂದು ಮೂರಾಗಿ ವಿಂಗಡಿಸಿ, ಮನಸ್ಸನ್ನು ಅಹಿತವಾದ ವಿಷಯಗಳಿಂದ ಹಿಂದಕ್ಕೆ ತರುವುದೇ ಮೂರನೆಯದೆಂದು ಲಕ್ಷಣವನ್ನು ಹೇಳಿದ್ದಾನೆ. ಮನೋದೋಷಗಳನ್ನು ಶಮನಮಾಡುವ ಸಾಧನಗಳು ಅವನ ಮತದಲ್ಲಿ ಜ್ಞಾನ, ವಿಜ್ಞಾನ, ಧೈರ್ಯ, ಸ್ಮೃತಿ, ಸಮಾಧಿ ಎಂಬ ಐದು.

ಆದರೂ ಒಂದು ನ್ಯೂನತೆಯನ್ನು ಮರೆಮಾಡಬಾರದು. ಚರಕನು ಉದರಚಿಕಿತ್ಸೆಯ ಅಧ್ಯಾಯದಲ್ಲಿ, ಸುಮ್ಮನಿದ್ದರೆ ಮರಣವು ನಿಶ್ಚಯ, ಕರ್ಮ ಮಾಡಿದರೆ ಸಂಶಯ ಎಂಬುದನ್ನು ವೈದ್ಯನು ಮುಂಚೆಯೇ ತಿಳಿಸಿ ಅನುಮತಿಯನ್ನು ಪಡೆಯಬೇಕೆನ್ನುತ್ತಾನೆ. ಸತ್ಯವನ್ನು ಹೇಳಿಯೇ ಕರ್ಮಕ್ಕೆ ತೊಡಗಬೇಕೆಂಬ ಈ ನಿಯಮವು ಶ್ಲಾಘ್ಯವಾದುದೇ. ಆದರೆ ಯಾರಿಗೆ ತಿಳಿಸಬೇಕು? ಜ್ಞಾತಿಗಳು, ಮಿತ್ರರು, ಪತ್ನಿಯರು, ಬ್ರಾಹ್ಮಣರು, ರಾಜರು, ಗುರುಗಳು ಎಂದು ಪಟ್ಟಿಯಿದೆ; ರೋಗಿಯ ಹೆಸರು ಅದರಲ್ಲಿ ಪ್ರತ್ಯೇಕವಾಗಿ ಬಂದಿಲ್ಲ. ಇಂದಿಗೂ ನಮ್ಮ ಮನೆಗಳಲ್ಲಿ ಹಿರಿಯರೆಲ್ಲರೂ ವೈದ್ಯನೊಡನೆ ಮಾತನಾಡಿ, ಮಲಗಿರುವವನಿಗೆ ಮಾತ್ರ ಏನೂ ತಿಳಿಯದಂತೆ ನೋಡಿಕೊಳ್ಳುವ ಪದ್ಧತಿಯು ಹೋಗಿಲ್ಲ. ಹೊಟ್ಟೆಯ ಮೇಲೆ ಹೊಸದೊಂದು ಬಾಯಿಯೊಡನೆ ಎಚ್ಚರಗೊಳ್ಳುವವನಿಗೆ ಈ ಗೋಪನವು ಎಂತಹ ಆಘಾತವೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ.

೪. ಕಲಬುರಗಿಯ ಪ್ರಾಂತದ ವೈದ್ಯಪರಂಪರೆ

ಈ ವಿಚಾರಗಳು ನಮ್ಮ ಪ್ರಾಂತಕ್ಕೆ ಹೊರಗಿನವಲ್ಲ. ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದ ಜೈನವೈದ್ಯ ಉಗ್ರಾದಿತ್ಯನು ಸಂಸ್ಕೃತದಲ್ಲಿ ರಚಿಸಿದ ಕಲ್ಯಾಣಕಾರಕದ ಕೊನೆಯಲ್ಲಿ, ನೃಪತುಂಗವಲ್ಲಭನ ಸಭೆಯಲ್ಲಿ ಮಾಂಸಭಕ್ಷಣವನ್ನು ಖಂಡಿಸಿದ ಪ್ರಸಂಗವು ಬಂದಿದೆ. ಕನ್ನಡದಲ್ಲಿ ಜಗದ್ದಳ ಸೋಮನಾಥನು ಹನ್ನೆರಡನೆಯ ಶತಮಾನದಲ್ಲಿ ಪೂಜ್ಯಪಾದರ ಗ್ರಂಥವನ್ನನುಸರಿಸಿ ಕರ್ಣಾಟಕ ಕಲ್ಯಾಣಕಾರಕವನ್ನು ಬರೆದನು. ಈ ಜೈನವೈದ್ಯರು ಮದ್ಯಮಾಂಸಗಳನ್ನು ಚಿಕಿತ್ಸೆಯಿಂದ ಹೊರಗಿಟ್ಟವರು. ಸುಶ್ರುತನು ನೋವಿಗೆ ಹೇಳಿದ ಮದ್ಯವನ್ನು ಬಿಟ್ಟ ವೈದ್ಯನು ರೋಗಿಯನ್ನು ಸಂತೈಸುವುದರಲ್ಲಿ ವಾಕ್ಕನ್ನೇ ಹೆಚ್ಚಾಗಿ ಆಶ್ರಯಿಸಿರಬೇಕೆಂದು ನಾವು ಊಹಿಸುತ್ತೇವೆ.

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಸುಮಾರು ೩೫ ಕಿಲೋಮೀಟರು ದೂರದಲ್ಲಿ, ಕಮಲಾಪುರವಿದೆ. ಈ ದಾರಿಯು ಮುಂದೆ ಬಸವಕಲ್ಯಾಣಕ್ಕೂ ಬೀದರಕ್ಕೂ ಮುಟ್ಟಿಸುವುದು. ಕಲ್ಯಾಣದ ಶರಣರಲ್ಲಿ ವೈದ್ಯ ಸಂಗಣ್ಣನೆಂಬ ವೈದ್ಯವೃತ್ತಿಯ ವಚನಕಾರನಿದ್ದನು. ಬೀದರದಲ್ಲಿ ಹದಿನೈದನೆಯ ಶತಮಾನದ ಬಹಮನಿ ಸುಲ್ತಾನ ಎರಡನೆಯ ಅಲಾಉದ್ದೀನ್ ಅಹಮದನು ಆಸ್ಪತ್ರೆಯೊಂದನ್ನು ಕಟ್ಟಿಸಿ, ಅದರಲ್ಲಿ ಹಿಂದೂ ವೈದ್ಯರನ್ನೂ ಮುಸಲ್ಮಾನ ಹಕೀಮರನ್ನೂ ನೇಮಿಸಿದನೆಂದು ಫಿರಿಸ್ತಾ ಹೇಳುತ್ತಾನೆ.

ನಿಜಾಮರ ಕಾಲಕ್ಕೆ ಬಂದರೆ, ಕಲಬುರಗಿಯು ಸೇರಿದ್ದ ಹೈದರಾಬಾದು ಸಂಸ್ಥಾನವು ಶಸ್ತ್ರವೇದನೆಯ ಇತಿಹಾಸದಲ್ಲಿ ಹೆಸರು ಪಡೆದಿದೆ. ಡಾಕ್ಟರ್ ಎಡ್ವರ್ಡ್ ಲಾರಿಯ ನೇತೃತ್ವದಲ್ಲಿ, ನಿಜಾಮರ ದ್ರವ್ಯಸಹಾಯದಿಂದ, ೧೮೮೮ ಮತ್ತು ೧೮೮೯ರಲ್ಲಿ ಎರಡು ಕ್ಲೋರೋಫಾರಂ ಆಯೋಗಗಳು ಅಲ್ಲಿ ನಡೆದುವು. ಹೃದಯಕ್ಕೆ ಕ್ಲೋರೋಫಾರಮಿನಿಂದ ಅಪಾಯವಿಲ್ಲವೆಂದು ಅವು ಮಾಡಿದ ನಿರ್ಣಯವು ಮುಂದೆ ನಿಲ್ಲಲಿಲ್ಲವಾದರೂ, ನೋವಿಲ್ಲದ ಶಸ್ತ್ರಕರ್ಮವನ್ನು ಕುರಿತು ಜಗತ್ತಿನ ವೈದ್ಯರೆಲ್ಲ ಹೈದರಾಬಾದಿನ ಕಡೆಗೆ ನೋಡಿದರು. ಸಂಮೋಹನೌಷಧವು ನೋವನ್ನು ಕಳೆಯಿತು. ಎಚ್ಚರವಾದ ಮೇಲೆ ಬರುವ ವ್ಯಥೆಯನ್ನು ಅದು ಕಳೆಯಲಾರದು. ಪ್ರಕೃತ ರೋಗದಲ್ಲಿ ದುಃಖವು ಆರಂಭವಾಗುವುದೇ ಎಚ್ಚರವಾದ ಮೇಲೆ.

೫. ಪಾಶ್ಚಾತ್ಯರ ಅನುಭವ

ಕರುಳುಬಾಯಿಯ ಕಲ್ಪನೆಯನ್ನು ಮೊದಲು ಸೂಚಿಸಿದವನು ಫ್ರಾನ್ಸ್ ದೇಶದ ಅಲೆಕ್ಸಿಸ್ ಲಿತ್ರೆ. ೧೭೧೦ರಲ್ಲಿ, ಮಲದ್ವಾರವಿಲ್ಲದೆ ಹುಟ್ಟಿ ಸತ್ತ ಶಿಶುವೊಂದರ ದೇಹವನ್ನು ಪರೀಕ್ಷಿಸಿ ಹೀಗೆ ಮಾಡಬಹುದೆಂದನು. ೧೭೭೬ರಲ್ಲಿ ರೂಆನ್ ನಗರದ ಪಿಲ್ಲೋರನು ಗುದಾರ್ಬುದದಿಂದ ನರಳುತ್ತಿದ್ದ ದ್ರಾಕ್ಷಾರಸದ ವ್ಯಾಪಾರಿಯೊಬ್ಬನಿಗೆ ಇದನ್ನು ಮಾಡಿ, ಬಾಯಿಯ ಮೇಲೆ ಸ್ಪಂಜನ್ನಿಟ್ಟು ಪಟ್ಟಿಯಿಂದ ಕಟ್ಟಿದನು. ತಡೆಯನ್ನು ಬಿಡಿಸಲೆಂದು ಮುಂಚೆ ಕುಡಿಸಿದ್ದ ಪಾದರಸವು ಕರುಳಿನಲ್ಲಿ ನಿಂತು ಕೆಡಿಸಿದುದರಿಂದ ರೋಗಿಯು ಇಪ್ಪತ್ತೆಂಟನೆಯ ದಿನ ಸತ್ತನು. ೧೭೯೩ರಲ್ಲಿ ಬ್ರೆಸ್ಟ್ ಪಟ್ಟಣದ ದ್ಯೂರೆ ಎಂಬಾತನು ಮೂರು ದಿನದ ಶಿಶುವಿಗೆ ಎಡಗಡೆಯಲ್ಲಿ ಇದನ್ನು ಮಾಡಿದನು. ಆ ಶಿಶುವು ಬೆಳೆದು ೪೫ ವರ್ಷ ಬದುಕಿತು. ೧೯೦೮ರಲ್ಲಿ ಇಂಗ್ಲೆಂಡಿನ ಮೈಲ್ಸನು ಗುದಾರ್ಬುದವನ್ನು ಬುಡಸಹಿತ ತೆಗೆಯುವ ಕ್ರಮವನ್ನು ಪ್ರಕಟಿಸಿದ ಮೇಲೆ ಶಾಶ್ವತವಾದ ಕರುಳುಬಾಯಿಯುಳ್ಳವರ ಸಂಖ್ಯೆಯು ಹೆಚ್ಚಿತು. ೧೯೫೨ರಲ್ಲಿ ಬ್ರೂಕನು ಸಣ್ಣಕರುಳಿನ ತುದಿಯನ್ನು ಹೊರಮಡಿಚಿ ಹೊಲಿಯುವ ವಿಧಾನವನ್ನು ತಿಳಿಸಿದನು.

ಇಷ್ಟಾದರೂ ರೋಗಿಯ ಮನಸ್ಸಿನ ಕಡೆಗೆ ದೃಷ್ಟಿ ಹರಿದುದು ತಡವಾಗಿ. ಅದೇ ೧೯೫೨ರಲ್ಲಿ ಸದರ್ಲೆಂಡನೂ ಸಹೋದ್ಯೋಗಿಗಳೂ ನ್ಯೂಯಾರ್ಕಿನಲ್ಲಿ ಇಂತಹ ರೋಗಿಗಳ ಮನಃಸ್ಥಿತಿಯನ್ನು ಕುರಿತು ಪ್ರಬಂಧವನ್ನು ಪ್ರಕಟಿಸಿದರು. ೧೯೫೪ರಲ್ಲಿ ಡೆನ್ಮಾರ್ಕಿನ ದಾದಿ ಎಲಿಸ್ ಸೋರೆನ್ಸೆನ್, ಈ ಶಸ್ತ್ರಕರ್ಮವಾದ ತನ್ನ ತಂಗಿಯು ನಾಲ್ಕು ಜನರ ನಡುವೆ ಹೋಗಲು ಅಂಜುತ್ತಿದ್ದುದನ್ನು ಕಂಡು, ಚರ್ಮಕ್ಕೆ ಅಂಟಿಕೊಳ್ಳುವ ಚೀಲವನ್ನು ಕಲ್ಪಿಸಿದಳು. ಸೋರದ ಚೀಲವು ಹುಟ್ಟಿದ್ದು ಅಕ್ಕನ ಅಂತಃಕರಣದಿಂದ. ೧೯೫೮ರಲ್ಲಿ ಅಮೆರಿಕಾದ ಕ್ಲೀವ್‌ಲೆಂಡ್ ಕ್ಲಿನಿಕ್ಕಿನ ರೂಪರ್ಟ್ ಟರ್ನ್‌ಬುಲ್ಲನು, ಸ್ವತಃ ಈ ಚಿಕಿತ್ಸೆಯನ್ನು ಪಡೆದಿದ್ದ ನಾರ್ಮಾ ಗಿಲ್ ಎಂಬಾಕೆಯನ್ನು ಇತರ ರೋಗಿಗಳಿಗೆ ಕಲಿಸುವುದಕ್ಕಾಗಿ ನೇಮಿಸಿದನು. ಅನುಭವಿಸಿದವರೇ ಅನುಭವಿಸಬೇಕಾದವರಿಗೆ ಧೈರ್ಯ ಹೇಳುವ ಪದ್ಧತಿಯು ಹೀಗೆ ಆಸ್ಪತ್ರೆಯೊಳಕ್ಕೆ ಬಂದಿತು.

ಮಾತಿನಿಂದ ಫಲವುಂಟೆಂಬುದಕ್ಕೆ ಪ್ರಮಾಣಗಳೂ ದೊರೆತಿವೆ. ೧೯೬೪ರಲ್ಲಿ ಬಾಸ್ಟನ್ ನಗರದ ಎಗ್ಬರ್ಟನು ಉದರಶಸ್ತ್ರಕ್ಕೆ ಬಂದ ೯೭ ಮಂದಿಯಲ್ಲಿ ಕೆಲವರಿಗೆ ಮುಂದೆ ಬರುವ ನೋವಿನ ಸ್ವರೂಪವನ್ನೂ ಅದನ್ನು ತಾಳುವ ಉಪಾಯವನ್ನೂ ಮೊದಲೇ ತಿಳಿಸಿದನು. ಅವರಿಗೆ ಬೇಕಾದ ನೋವಿನ ಮದ್ದು ಉಳಿದವರದರ ಸುಮಾರು ಅರ್ಧ. ಅವರು ಸರಾಸರಿಯಲ್ಲಿ ಎರಡೂವರೆ ದಿನಕ್ಕೂ ಹೆಚ್ಚು ಮುಂಚೆ ಮನೆಗೆ ಹೋದರು. ೨೦೦೫ರಲ್ಲಿ ಬ್ರಿಟನ್ನಿನಲ್ಲಿ ಚೌಧರಿ ಮತ್ತಿತರರು ೪೨ ಮಂದಿ ಕರುಳುಬಾಯಿಯ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ಶಸ್ತ್ರಕ್ಕೆ ಮೊದಲೇ ಮನೆಯಲ್ಲಿ ಚೀಲದ ಉಪಯೋಗವನ್ನು ಕಲಿಸಿದರು. ಈ ಗುಂಪಿನವರು ತಮ್ಮ ಆರೈಕೆಯನ್ನು ತಾವೇ ಮಾಡಿಕೊಳ್ಳಲು ಐದೂವರೆ ದಿನ ಸಾಕಾಯಿತು. ಉಳಿದವರಿಗೆ ಒಂಬತ್ತು ದಿನ ಬೇಕಾಯಿತು. ಚರಕನು ಹೇಳಿದ ಜ್ಞಾನವಿಜ್ಞಾನಗಳ ಬಲವನ್ನು ಇವರು ದಿನಗಳ ಲೆಕ್ಕದಲ್ಲಿ ತೋರಿಸಿಕೊಟ್ಟರೆನ್ನಬಹುದು.

೬. ಅಶೌಚಶಂಕೆ

ಇನ್ನು ಮುಖ್ಯವಾದ ಅಂಶಕ್ಕೆ ಬರುವೆವು. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ, ನಾಭಿಯ ಮೇಲಿನ ದೇಹದ್ವಾರಗಳು ಶುದ್ಧವೆಂದೂ ಕೆಳಗಿನವು ಅಶುದ್ಧವೆಂದೂ ಹೇಳಿದೆ. ಸ್ಮೃತಿಯನ್ನು ಓದದವರ ಮನಸ್ಸಿನಲ್ಲಿಯೂ ಈ ಗೆರೆಯು ಎಳೆದಿದೆ. ನಾಭಿಯ ಮಗ್ಗುಲಲ್ಲಿಯೇ ಮಲವು ಹೊರಡುವುದಾದರೆ ದೇವರ ಮುಂದೆ ಕೂರುವುದು ಹೇಗೆ, ಪಂಕ್ತಿಯಲ್ಲಿ ಉಣ್ಣುವುದು ಹೇಗೆ, ಎಂಬ ಪ್ರಶ್ನೆಯು ಏಳುವುದು ಇದರಿಂದ. ವೈದ್ಯನು ಇದಕ್ಕೆ ಉತ್ತರ ಹೇಳಲಾರನು. ಹೇಳಬೇಕಾದವರು ಶಾಸ್ತ್ರವನ್ನು ಓದಿದವರು.

ಪರಾಶರಸ್ಮೃತಿಯ ಏಳನೆಯ ಅಧ್ಯಾಯದ ನಿರ್ಣಯವು ಸ್ಪಷ್ಟವಾಗಿದೆ. ದೇಶವು ಹಾಳಾದಾಗ, ಪ್ರವಾಸದಲ್ಲಿ, ವ್ಯಾಧಿಯಲ್ಲಿ, ಸಂಕಟದಲ್ಲಿ ಮೊದಲು ತನ್ನ ದೇಹವನ್ನು ಕಾಪಾಡಿಕೊಳ್ಳಬೇಕು, ಧರ್ಮಾಚರಣೆಯು ಆಮೇಲೆ. ರೋಗಿಗೆ ಸ್ನಾನವು ಪ್ರಾಪ್ತವಾದರೆ ಸ್ವಸ್ಥನಾದವನೊಬ್ಬನು ಹತ್ತು ಸಲ ಸ್ನಾನಮಾಡಿ ಮಾಡಿ ಅವನನ್ನು ಮುಟ್ಟಬೇಕು. ಅಷ್ಟರಿಂದ ರೋಗಿಯು ಶುದ್ಧನು ಎಂದೂ ಅಲ್ಲಿಯೇ ಇದೆ. ಈ ವಿಧಿಯ ಅಭಿಪ್ರಾಯವನ್ನು ಗಮನಿಸಬೇಕು. ಶುದ್ಧಿಯ ಭಾರವನ್ನು ಸ್ಮೃತಿಯು ರೋಗಿಯ ಮೇಲೆ ಹೊರಿಸದೆ ಸ್ವಸ್ಥನ ಮೇಲೆ ಹೊರಿಸಿದೆ. ರೋಗಿಯನ್ನು ದೂರವಿಡಲು ಹೇಳದೆ ಮುಟ್ಟಲು ಹೇಳಿದೆ. ಈ ಸ್ಮೃತಿಗೆ ವ್ಯಾಖ್ಯಾನವನ್ನು ಬರೆದ ಮಾಧವಾಚಾರ್ಯರು ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿದ್ದವರು. ಆದುದರಿಂದ ಈ ಪ್ರಮಾಣವು ಕರ್ಣಾಟಕಕ್ಕೆ ಹಳೆಯ ಪರಿಚಯವೇ.

ಕಲಬುರಗಿಯು ಒಂದೇ ಮತದವರ ಊರಲ್ಲ. ಶರಣಬಸವೇಶ್ವರರ ಗುಡಿಯೂ ಖ್ವಾಜಾ ಬಂದೇನವಾಜರ ದರ್ಗಾವೂ ಒಂದೇ ನಗರದಲ್ಲಿವೆ. ಲಿಂಗಾಯತ ಸಿದ್ಧಾಂತದಲ್ಲಿ ಇಷ್ಟಲಿಂಗವನ್ನು ಧರಿಸಿದವನಿಗೆ ಪಂಚಸೂತಕಗಳಿಲ್ಲ. ಜನನಮರಣಗಳ ಸೂತಕವನ್ನೇ ಒಪ್ಪದ ಮಾರ್ಗದಲ್ಲಿ ರೋಗದ ಸೂತಕಕ್ಕೆ ಎಡೆಯೆಲ್ಲಿ? ಮುಸಲ್ಮಾನರ ಹನಫೀ ಧರ್ಮಶಾಸ್ತ್ರದಲ್ಲಿ, ತಡೆಯಲಾಗದ ವಿಸರ್ಜನೆಯುಳ್ಳವನನ್ನು 'ಮಾಜೂರ್' ಎಂದು ಕರೆದು, ಪ್ರತಿಯೊಂದು ನಮಾಜಿನ ವೇಳೆಗೆ ಒಂದು ಸಲ ವುಜೂ ಮಾಡಿದರೆ ಸಾಕೆಂದು ವಿಧಿಸಿದೆ. ಮೂರು ಮಾರ್ಗಗಳೂ ರೋಗಿಯನ್ನು ಬಿಟ್ಟುಕೊಡುವುದಿಲ್ಲ. ಅವನಿಗಾಗಿ ನಿಯಮವನ್ನು ಸಡಿಲಿಸುತ್ತವೆ. ಹಾಗಿರಲು, ಶಾಸ್ತ್ರದ ಹೆಸರಿನಿಂದ ಒಬ್ಬನು ಪ್ರಾಣರಕ್ಷಕವಾದ ಚಿಕಿತ್ಸೆಯನ್ನು ಬಿಟ್ಟರೆ ಅದು ಶಾಸ್ತ್ರದ ದೋಷವಲ್ಲ, ಶಾಸ್ತ್ರವನ್ನು ತಿಳಿಸಬೇಕಾದವರ ಮೌನದ ದೋಷ.

೭. ಈಗ ಆಗತಕ್ಕುದು

ಕಲಬುರಗಿಯಲ್ಲಿ ೧೯೬೩ರಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಆರಂಭವಾಯಿತು. ಈಗ ಸರಕಾರದ ವೈದ್ಯವಿಜ್ಞಾನ ಸಂಸ್ಥೆಯೂ ಇದೆ. ಅರ್ಬುದರೋಗಕ್ಕೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಶಾಖಾಕೇಂದ್ರವೂ ಇದೆ. ಹಿಂದೆ ಸೋಲಾಪುರಕ್ಕೋ ಹೈದರಾಬಾದಿಗೋ ಹೋಗಬೇಕಾಗಿದ್ದವರಿಗೆ ಶಸ್ತ್ರವೈದ್ಯನು ಹತ್ತಿರವಾಗಿದ್ದಾನೆ. ಸಮಾಶ್ವಾಸನವೂ ಹಾಗೆಯೇ ಹತ್ತಿರವಾಗಬೇಕು.

ಕಮಲಾಪುರದ ಕಡೆಯ ತೊಗರಿ ಬೆಳೆಯುವ ರೈತನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಅವನಿಗೆ ಮೊದಲು ಬೇಕಾದುದು ಜ್ಞಾನ: ಈ ಬಾಯಿಯು ನಮ್ಮ ಬಾಯಿಯ ಒಳಚರ್ಮದಂತೆ ಕೆಂಪಾಗಿರುವುದು, ಮುಟ್ಟಿದರೆ ನೋಯದು, ಅಂಗಿಯೊಳಗೆ ಕಾಣದು, ಇದರಿಂದ ದುಡಿಮೆಯು ನಿಲ್ಲದು. ಎರಡನೆಯದು ವಿಜ್ಞಾನ, ಅಂದರೆ ಚೀಲವನ್ನು ಹಚ್ಚುವ, ಬರಿದುಮಾಡುವ ಕೈಚಳಕ. ಅದು ಶಸ್ತ್ರಕ್ಕೆ ಮೊದಲೇ ಕೈಗೆ ಬರಬೇಕು. ಬಾಯಿಯ ಸ್ಥಾನವನ್ನು ಗುರುತಿಸುವಾಗ ರೋಗಿಯನ್ನು ನಿಲ್ಲಿಸಿ, ಕೂರಿಸಿ, ಬಗ್ಗಿಸಿ ನೋಡಬೇಕು. ಧೋತರದ ಗಂಟು, ಸೀರೆಯ ನಿರಿಗೆ, ನೆಲದ ಮೇಲೆ ಕುಳಿತು ಉಣ್ಣುವ ರೂಢಿ, ಸಜ್ದಾದ ಬಾಗು ಇವುಗಳನ್ನೆಲ್ಲ ಲೆಕ್ಕಕ್ಕೆ ತರದಿದ್ದರೆ ಚೀಲವು ಸೋರಿ, ಮಾಡಿದ ಸಮಾಧಾನವೆಲ್ಲ ವ್ಯರ್ಥವಾಗುವುದು. ಬೇಸಗೆಯಲ್ಲಿ ಇಲ್ಲಿಯ ತಾಪವು ೪೦ ಡಿಗ್ರಿಯನ್ನು ಮೀರುವುದರಿಂದ ಬೆವರಿಗೆ ಅಂಟು ಬಿಡುವುದೆಂದೂ, ಸಣ್ಣಕರುಳಿನ ಬಾಯಿಯುಳ್ಳವರಿಗೆ ನೀರು ಉಪ್ಪುಗಳ ನಷ್ಟವು ಬೇಗ ಆಗುವುದೆಂದೂ ತಿಳಿಸಬೇಕು. ಬಾಳೆಹಣ್ಣು ಮಲವನ್ನು ಗಟ್ಟಿಮಾಡುವ ಆಹಾರಗಳಲ್ಲೊಂದು. ಕೆಂಪು ಬಾಳೆಗೆ ಹೆಸರಾದ ಕಮಲಾಪುರದವನಿಗೆ ಈ ಮಾತನ್ನು ಹೇಳಿದರೆ ಪಥ್ಯವೂ ತನ್ನ ಊರಿನದೇ ಆಯಿತೆಂಬ ಸಮಾಧಾನವು ಬಂದೀತು.

ಮೂರನೆಯದಾದ ಧೈರ್ಯವು ತನ್ನಂತೆಯೇ ಬಾಳುತ್ತಿರುವ ಇನ್ನೊಬ್ಬನನ್ನು ಕಣ್ಣಾರೆ ಕಂಡಾಗ ಬರುವುದು. ಸ್ಮೃತಿಯೆಂದರೆ ತಾನು ಹಿಂದೆ ದಾಟಿದ ಕಷ್ಟಗಳ ನೆನಪು. ಅದನ್ನು ಮನೆಯವರು ಎಚ್ಚರಿಸಬೇಕು. ಸಮಾಧಿಯೆಂದರೆ ಅವನವನ ಪೂಜೆ, ನಮಾಜು, ಧ್ಯಾನ; ಅದಕ್ಕೆ ಅಡ್ಡಿಯಿಲ್ಲವೆಂದು ಅವನವನ ಗುರುಗಳೇ ಹೇಳಬೇಕು. ಚರಕನ ಪಂಚಸಾಧನಗಳನ್ನು ಹೀಗೆ ಅನ್ವಯಿಸಿದುದು ನಮ್ಮದು. ದುಃಖವು ಇಷ್ಟರಿಂದಲೂ ಹೋಗದೆ, ನಿದ್ರಾಹಾರಗಳು ಕೆಟ್ಟು, ಜೀವವೇ ಬೇಡವೆಂಬ ಮಾತು ಬಂದಲ್ಲಿ, ಅದನ್ನು ಮನೋರೋಗವೈದ್ಯನಿಗೆ ಒಪ್ಪಿಸುವುದರಲ್ಲಿ ತಡಮಾಡಲಾಗದು.

ಶಬ್ದವನ್ನು ಕುರಿತು ಒಂದು ಮಾತು. ಇದನ್ನು 'ಕೃತಕಗುದ' ಎಂದು ಹೇಳುವುದುಂಟು. ಲಕ್ಷಣವು ಸರಿಯಾದರೂ ಆ ಹೆಸರನ್ನು ಜೀವಮಾನವೆಲ್ಲ ಹೊರಬೇಕಾದವನಿಗೆ ಅದು ಶಲ್ಯದಂತೆ ಚುಚ್ಚುವುದು. 'ಕರುಳುಬಾಯಿ' ಎಂಬುದು ಮೂಲದ ಗ್ರೀಕ್ ಶಬ್ದಕ್ಕೂ ಹತ್ತಿರವಾಗಿದೆ. ಕನ್ನಡದಲ್ಲಿ 'ಕರುಳು' ಎಂಬುದು ಬರಿಯ ಅಂಗವಲ್ಲ. ಹೆತ್ತ ಕರುಳು, ಕರುಳಬಳ್ಳಿ ಎನ್ನುವಲ್ಲಿ ಅದು ವಾತ್ಸಲ್ಯದ ನೆಲೆ. ಸಂಸ್ಕೃತದ 'ಆಂತ್ರ'ಕ್ಕೆ ಈ ಭಾಗ್ಯವಿಲ್ಲ. ವೈದ್ಯರು ಈ ಶಬ್ದವನ್ನು ಉಪಯೋಗಿಸಿ ನೋಡಬೇಕೆಂದು ಪ್ರಾರ್ಥಿಸುತ್ತೇವೆ.

ಸುಶ್ರುತನ ಶಸ್ತ್ರಗಳು ಇಂದು ಹಳೆಯವಾಗಿವೆ. ಇರುವೆಯ ತಲೆಗೆ ಪ್ರತಿಯಾಗಿ ಉತ್ತಮವಾದ ಹೊಲಿಗೆ ಬಂದಿದೆ. ರೋಗಿಯ ಬಳಿ ಪ್ರಿಯವಾಗಿ ಮಾತನಾಡುವವರು ಕುಳಿತಿರಬೇಕೆಂಬ ಅವನ ವಿಧಿಗೆ ಮಾತ್ರ ಪ್ರತಿನಿಧಿಯು ಇನ್ನೂ ದೊರೆತಿಲ್ಲ. ಆಸ್ಪತ್ರೆಯ ವೈದ್ಯರೂ ದಾದಿಯರೂ ಮಠಮಸೀದಿಗಳ ಹಿರಿಯರೂ ಕೂಡಿ, ಶಸ್ತ್ರಕ್ಕೆ ಮೊದಲು ರೋಗಿಯ ಕೈಗೆ ಕೊಡಬಹುದಾದ ಒಂದು ಚಿಕ್ಕ ಪುಸ್ತಿಕೆಯನ್ನು ಕನ್ನಡದಲ್ಲಿಯೂ ದಖನಿ ಉರ್ದುವಿನಲ್ಲಿಯೂ ಸಿದ್ಧಪಡಿಸುವರಾದರೆ, ಅದರಲ್ಲಿ ಶೌಚವಿಚಾರಕ್ಕೆ ಬೇಕಾದ ಪ್ರಮಾಣಗಳನ್ನು ಕೂಡಿಸಿಕೊಡುವ ಕೆಲಸವು ಪಂಡಿತರ ಪಾಲಿನದು. ವಿದ್ವಾಂಸರು ಈ ವಿಷಯವನ್ನು ವಿಚಾರಿಸಬೇಕಾಗಿ ಬಿನ್ನಹ.